ನೀಲಿ ನೀರು

ತಮ್ಮ ಡ್ವೇನ್ ಕಾಫಿ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಸುರಿದ. ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಚಿಪ್ಪುಗಳು, ಒಂದೊಂದೂ ಹೊಸ ಉಂಗುರದ ಹಾಗೆ ಹೊಳೆಯುತ್ತಿದ್ದವು.

“ಹೆಂಗಿದೆ ಲೆನೋರಕ್ಕ? ಇವಕ್ಕೆ ಮದ್ದು ತುಂಬಿಕೊಡು.”

ಉಜ್ಜುವ ಯಂತ್ರದಲ್ಲಿ ಅಕ್ರೋಟಿನ ಸಿಪ್ಪೆಯ ಪುಡಿಯೊಳಗೆ ಮೂರು ತಾಸು ಉರುಳಿಸಿದರೂ ನನ್ನ ಹಿತ್ತಾಳೆ ಇಷ್ಟು ಹೊಳೆಯುವುದಿಲ್ಲ. ಒಂದನ್ನು ಮೂಗಿಗೆ ಹಿಡಿದೆ.

“ಯಾತರಲ್ಲಿ ತೊಳೆದೆ?”

“ನಿನ್ನ ಆ ಗರಗರ ಯಂತ್ರದ ಮುಂದೆ ಕೂತ್ಕೊಳ್ಳೋಕೆ ನನಗೇನು ವಯಸ್ಸಾಗಿದ್ಯಾ? ನೆಲ ಒರೆಸೋ ಅಮೋನಿಯಾದಲ್ಲಿ ನೆನೆಸಿಟ್ಟೆ, ಬಟ್ಟೇಲಿ ಉಜ್ಜಿದೆ. ಎಷ್ಟು ಕೊಳೆ ಇತ್ತು ಅಂತೀಯ, ನೀರೆಲ್ಲ ನೀಲಿ ಆಯ್ತು!”

“ಅದು ಕೊಳೆಯಲ್ಲ ಕಣೋ, ಹಿತ್ತಾಳೆಯೊಳಗಿನ ತಾಮ್ರ.”

ಅಮೋನಿಯಾ ಕುಡಿದ ಹಿತ್ತಾಳೆ ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ. ಅಂಥದ್ದು ಕೋವಿಯೊಳಗೆ ಸೀಳಿದರೆ ಬೆಂಕಿ ಗುಂಡು ಹೊಡೆದವರ ಮುಖಕ್ಕೇ ಬರಬಹುದು. ಇದನ್ನು ಹೇಳಿ, “ಹೀಗೆ ತೊಳೆದದ್ದು ಬೇರೆ ಇಲ್ಲ ತಾನೆ?” ಎಂದೆ.

ಡ್ವೇನ್ ಕುರ್ಚಿಯ ಬೆನ್ನು ಹಿಡಿದುಕೊಂಡ. “ಇಪ್ಪತ್ತು ನಾನೇ ತುಂಬಿ ಟ್ರೆಸ್ಸಾಗೆ ಕೊಟ್ಟೆ.”

ಅವನ ಮಗಳು ಟ್ರೆಸ್ಸಾ ಬೆಳಗ್ಗೆಯೇ ಬಿಟರ್‌ರೂಟ್ ಬೆಟ್ಟ ಹತ್ತಿದ್ದಳು. ಆ ಕಣಿವೆಯಲ್ಲಿ ಎಲ್ಕ್ ಎಂಬ ದೊಡ್ಡ ಗಂಡು ಜಿಂಕೆ ಹೊಡೆಯುವ ಪರವಾನಗಿಗೆ ಚೀಟಿ ಎತ್ತುತ್ತಾರೆ; ಎಂಟು ವರ್ಷ ಕಾದ ಮೇಲೆ ಅವಳ ಹೆಸರು ಬಂದಿತ್ತು. ಅಲ್ಲಿ ಫೋನ್ ಸಿಗುವುದಿಲ್ಲ.

ನನ್ನ ಕಾಡತೂಸಿನ ಪೆಟ್ಟಿಗೆಯೊಂದನ್ನು ಕೋಟಿನ ಜೇಬಿಗೆ ತುರುಕಿ ಪಿಕಪ್ ಹತ್ತಿದೆ. ಡ್ವೇನ್ ಗೇರು ತಪ್ಪಿಸುತ್ತ ಓಡಿಸಿದ. ಕಿಟಕಿ ಇಳಿಸುತ್ತಿದ್ದ, ಏರಿಸುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಪ್ರತಿ ತಿರುವಿನಲ್ಲೂ ಗುಂಡಿನ ಸದ್ದಿಗೆ ಕಿವಿಗೊಡುತ್ತಿದ್ದೆವು.

“ಕೇಳಿಸ್ತಾ?”

“ಕಲ್ಲು ಕಣೋ, ಚಕ್ರಕ್ಕೆ ಸಿಕ್ಕಿದ್ದು. ರಸ್ತೆ ನೋಡು.”

ಅವಳ ಗಾಡಿ ದಾರಿ ಮುಗಿಯುವಲ್ಲಿ ನಿಂತಿತ್ತು. ತೆಳು ಹಿಮದ ಮೇಲೆ ಹೆಜ್ಜೆ ಗುರುತು ಹಿಡಿದು ಹತ್ತಿದೆವು. ನನ್ನ ಮಂಡಿ ಬೈಯುತ್ತಿತ್ತು. ದಿಬ್ಬದ ತುದಿಗೆ ಬಂದಾಗ ಕಂಡಳು: ಕೆಳಗೆ ಬಂಡೆಯ ಮೇಲೆ ಮಲಗಿ, ಕೆನ್ನೆ ಕೋವಿಗೆ ಒತ್ತಿದ್ದಳು. ಆಚೆ ಬಯಲಲ್ಲಿ ಮರದ ಕೊಂಬೆಯಂಥ ಕೊಂಬು ಹೊತ್ತ ಎಲ್ಕ್, ಅಡ್ಡಕ್ಕೆ ನಿಂತು ಹುಲ್ಲು ಕೆದಕುತ್ತಿತ್ತು.

ಡ್ವೇನ್ ಒಂದು ಗಳಿಗೆ ಆ ಕೊಂಬುಗಳನ್ನೇ ನೋಡಿದ. ಆಮೇಲೆ ಎರಡೂ ಕೈ ಬಾಯಿಗೆ ಒಡ್ಡಿ ಕಿರುಚಿದ: “ಟ್ರೆಸ್ಸಾ! ಹೊಡೀಬೇಡ!”

ಎಲ್ಕ್ ತಲೆಯೆತ್ತಿತು, ಮರಗಳೊಳಗೆ ಮಾಯವಾಯಿತು.

ಹುಡುಗಿ ಕೆಂಡವಾಗಿ ಎದ್ದು ಬಂದಳು. “ಅಪ್ಪಾ! ತಲೆ ಕೆಟ್ಟಿದ್ಯಾ? ಎಂಟು ವರ್ಷ!”

ಏದುಸಿರಿನಲ್ಲೇ ಅವನು ಎಲ್ಲ ಹೇಳಿದ, ನೀಲಿ ನೀರನ್ನೂ ಬಿಡದೆ. ಅವಳು ಕೋವಿ ತೆರೆದು ಕಾಡತೂಸನ್ನು ಹೊರತೆಗೆದು ಬಿಸಿಲಿಗೆ ತಿರುಗಿಸಿದಳು.

“ಎಲ್ಲಿದೆ ಅತ್ತೆ ಬಿರುಕು?”

ಕನ್ನಡಕ ಹಾಕಿ ನೋಡಿದೆ, ಉಗುರಿನಿಂದ ಕೆರೆದೆ. “ಕಾಣ್ತಿಲ್ಲ. ಇಲ್ಲದೆಯೂ ಇರಬಹುದು. ಗೊತ್ತಾಗಬೇಕಾದ್ರೆ ನಿನ್ನ ಮುಖ ಪಣಕ್ಕಿಡಬೇಕು.”

ಅವಳು ಅಪ್ಪನ ಕಡೆ ನೋಡಿದಳು. ಉಳಿದ ಹತ್ತೊಂಬತ್ತು ಕಾಡತೂಸಿನ ಪೆಟ್ಟಿಗೆ ತೆಗೆದು, ಕೈಯಲ್ಲಿದ್ದ ಒಂದನ್ನೂ ಸೇರಿಸಿ ಅವನಿಗೆ ಕೊಟ್ಟಳು. ನಾನು ಚಾಚಿದ ಮಂಕು ಬಣ್ಣದ ಕಾಡತೂಸುಗಳ ಪೆಟ್ಟಿಗೆಯನ್ನು ಇಸಿದುಕೊಂಡಳು.

“ನೆಲ ಒರೆಸೋದನ್ನ ನೆಲಕ್ಕೇ ಹಾಕಪ್ಪ,” ಎಂದು ಕೋವಿ ತುಂಬುತ್ತ, “ಎಲ್ಕ್ ಬಲಕ್ಕೆ ಓಡ್ತೋ, ಎಡಕ್ಕೋ? ಅದನ್ನಾದ್ರೂ ನೋಡಿದ್ರಾ?” ಎಂದಳು.