ಬ್ರೇಕ್ ಇಲ್ಲದ ಬೋರ್ಡು

ಸೀಟು ಹಿಡಿದು ಕೂತುಕೊಳ್ಳಿ. ಸೀಟಿ ಹೊಡೆಯಲು ಬರುವವರು ಬೆರಳು ಬಾಯಿಗಿಟ್ಟುಕೊಂಡು ರೆಡಿಯಾಗಿರಿ. ಯಾಕೆಂದರೆ ಈ ಕಥೆಯ ಹೀರೋ ಗೆದ್ದವನು. ನೀವು ಎಷ್ಟೇ ದೊಡ್ಡ ಆಸಾಮಿಯಾಗಿರಿ, ನೀವು ಬರೆದ ಒಂದೇ ಒಂದು ಸಾಲು ಊರಿನ ಪ್ರತಿ ಬಸ್ಸಿನಲ್ಲೂ ಕೆಂಪಗೆ ಉರಿಯುತ್ತದೆಯೇ? ಅವನದು ಉರಿಯುತ್ತದೆ. ಡ್ರೈವರ್ ಕೀ ತಿರುಗಿಸಿದಾಗ ಬಾಗಿಲ ಮೇಲಿನ ಬೋರ್ಡು ಮೊದಲು ತೋರಿಸುವುದು ನಿಲ್ದಾಣದ ಹೆಸರನ್ನಲ್ಲ, ಅವನ ಡೈಲಾಗನ್ನು: "ದಾರಿ ಬಿಡಿ, ನಾನು ಬಂದೆ!" ಪೈಪೋಟಿಗೆ ನಿಂತವರು ಏನೆಲ್ಲ ಕಿಸಿದರೂ ಆ ಡೈಲಾಗು ಮಾತ್ರ ಅಲ್ಲಾಡಿಲ್ಲ.

ಅವನ ದೊಡ್ಡಪ್ಪನ ವರ್ಕ್‌ಶಾಪಿನಲ್ಲಿ ತಯಾರಾಗುವುದೇ ಬಸ್ಸಿನ ಬೋರ್ಡುಗಳು. ಮುಂದಿನ ನಿಲ್ದಾಣ ಯಾವುದು ಎಂದು ತೋರಿಸುತ್ತವಲ್ಲ, ಅವು. ಡಬ್ಬ, ದೀಪ, ತಂತಿ ಎಲ್ಲ ವೈರಿಂಗ್ ಮಾಮನ ಕೈಕೆಲಸ. ಒಳಗಿನ ಪ್ರೋಗ್ರಾಮು ಹೀರೋನದು. ಬೋರ್ಡು ಮುನಿಸಿಕೊಂಡಿತೆಂದರೆ "ಲೋ ಹೀರೋ, ಬಾರೋ ಇಲ್ಲಿ" ಎಂದು ಕೂಗು ಬೀಳುತ್ತಿತ್ತು. ಅವನು ಕಾಲರ್ ಎತ್ತಿಕೊಂಡು ಹೋಗಿ ಬೋರ್ಡನ್ನು ಆಫ್ ಮಾಡಿ ಆನ್ ಮಾಡುತ್ತಿದ್ದ. ಸರಿಹೋಗುತ್ತಿತ್ತು. ಯಾಕೆ ಕೆಟ್ಟಿತ್ತು, ಯಾಕೆ ಸರಿಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಅತ್ತಿಗೆ ಬಂದಳು, ಕೇಳಿದಳು.

ಅಣ್ಣನ ಮದುವೆಯಾದ ಮೇಲೆ ದೊಡ್ಡಪ್ಪನೇ ಅವಳನ್ನು ಕೆಲಸಕ್ಕೆ ಕರೆದದ್ದು. ಬಂದವಳು ಹೀರೋನ ಪ್ರೋಗ್ರಾಮನ್ನು ತೆರೆದು, ಗಲ್ಲಕ್ಕೆ ಕೈ ಕೊಟ್ಟು ಓದಿದಳು.

"ಅಲ್ಲಪ್ಪಾ, ನಿಲ್ದಾಣದ ಹೆಸರನ್ನ ಕಾಪಿ ಮಾಡ್ತಿದೀಯಲ್ಲ, ಅದರ ಉದ್ದ ಎಷ್ಟು ಅಂತ ಎಲ್ಲೂ ಕೇಳೇ ಇಲ್ವಲ್ಲ?"

"ಉದ್ದ ಯಾಕೆ ಅತ್ತಿಗೆ? ನಾವೇನು ಪ್ಯಾಂಟ್ ಹೊಲಿತೀವಾ?"

"ಹೊಲಿಯೋನಿಗಾದ್ರೂ ಬುದ್ಧಿ ಇರುತ್ತೆ, ಅಳತೆ ತಗೋತಾನೆ. ಜಾಗಕ್ಕಿಂತ ಹೆಸರು ದೊಡ್ಡದಾದ್ರೆ ಏನ್ಮಾಡ್ತೀಯಾ?"

"ನನ್ನ ಬೋರ್ಡಿಗೆ ಬರೋ ಹೆಸರು ನಾನು ಹೇಳಿದಷ್ಟೇ ಉದ್ದ ಇರಬೇಕು. ಜಾಸ್ತಿ ಉದ್ದ ಬಂತೋ, ಅದು ಅದರ ಹಣೆಬರಹ!"

ವೈರಿಂಗ್ ಮಾಮ ಹೋ ಎಂದು ನಕ್ಕ. ಮೊದಲಾಗಿದ್ದರೆ ಹೀರೋನ ಬೆನ್ನು ತಟ್ಟಿ ನಗುತ್ತಿದ್ದ. ಈ ಸಲ ನಕ್ಕದ್ದು ಅತ್ತಿಗೆಯ ಕಡೆ ನೋಡಿಕೊಂಡು. ಉರಿ ಹತ್ತಿಕೊಂಡದ್ದು ಅಲ್ಲಿಂದ.

ಸಂಗತಿ ಇಷ್ಟೇ. ಹೀರೋನ ಪ್ರೋಗ್ರಾಮಿನಲ್ಲಿ ಹೆಸರು ಮೆಮೊರಿಯ ಖಾನೆಗಳಲ್ಲಿ ಸಾಲಾಗಿ ಕೂರುತ್ತಿತ್ತು. ಅದರ ಬೆನ್ನಿಗೆ ಒಂದು ಸೊನ್ನೆ, ಇಲ್ಲಿಗೆ ಮುಗಿಯಿತು ಎಂಬ ಗುರುತು. ಹೆಸರು ಎಲ್ಲಿಗೆ ಮುಗಿಯುತ್ತದೆಂದು ತಿಳಿಯಬೇಕಾದರೆ ಪ್ರತಿ ಸಲವೂ ಮೊದಲ ಖಾನೆಯಿಂದ ಸೊನ್ನೆ ಸಿಗುವ ತನಕ ಹುಡುಕಿಕೊಂಡು ಹೋಗಬೇಕು. ಹೆಸರೇ ಖಾನೆಗಳನ್ನೆಲ್ಲ ತುಂಬಿಬಿಟ್ಟರೆ ಮಿಕ್ಕ ಅಕ್ಷರಗಳು ಹೊರಗೇ ಉಳಿಯುತ್ತವೆ, ಸೊನ್ನೆಗೂ ಜಾಗವಿಲ್ಲ. ಆಗ ಬೋರ್ಡು ಬ್ರೇಕ್ ಫೇಲಾದ ಲಾರಿಯ ಹಾಗೆ ಪಕ್ಕದ ಖಾನೆಗಳಿಗೆ ನುಗ್ಗಿ, ಅಲ್ಲಿ ಬಿದ್ದಿರುವುದನ್ನೂ ಓದುತ್ತಾ ಹೋಗುತ್ತದೆ.

ಅತ್ತಿಗೆ ಹೊಸದಾಗಿ ಬರೆದದ್ದರಲ್ಲಿ ಪ್ರತಿ ಹೆಸರೂ ತನ್ನ ಉದ್ದವನ್ನು ಜೊತೆಯಲ್ಲೇ ಹೊತ್ತು ತಿರುಗುತ್ತಿತ್ತು. ಎಲ್ಲಿಗೇ ಹೋಗಲಿ, ಜಾಗ ಎಷ್ಟಿದೆ ಎಂದು ವಿಚಾರಿಸಿಕೊಂಡೇ ಒಳಗೆ ಕಾಲಿಡುವುದು. ಹೆಸರನ್ನು ಬರೀ ಓದಿ ಹೋಗುವ ಪ್ರೋಗ್ರಾಮಿನ ಭಾಗಗಳಿಗೆ ಕಾಪಿ ಮಾಡಿಕೊಡುವ ರಗಳೆಯೂ ಇಲ್ಲ, ಇದ್ದಲ್ಲೇ ತೋರಿಸಿದರಾಯಿತು. ಹಾಗಾಗಿ ಅವಳ ಬೋರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರು ಬದಲಿಸುತ್ತಿತ್ತು. ಹೀರೋನದು ಒಂದು ಸಲ ಉಸಿರೆಳೆದುಕೊಂಡು ಬದಲಿಸುತ್ತಿತ್ತು.

ಆಫೀಸಿನಲ್ಲಿ ಮಾತ್ರವಾಗಿದ್ದರೆ ಹೇಗೋ ಹಲ್ಲು ಕಚ್ಚಿಕೊಳ್ಳುತ್ತಿದ್ದ. ಆದರೆ ಮನೆಯೂ ಒಂದೇ, ಊಟದ ಮೇಜೂ ಒಂದೇ.

"ಇನ್ನೊಂಚೂರು ಹಾಕ್ಕೋಮ್ಮಾ, ತಲೆ ಓಡಿಸೋ ಕೆಲಸ ನಿಂದು" ಎಂದು ಅಮ್ಮ ಸೊಸೆಯ ತಟ್ಟೆಗೆ ಬಡಿಸಿದಳು.

"ಮತ್ತೆ ನಂದು?"

"ನಿಂದು ಬಾಯಿ ಓಡಿಸೋ ಕೆಲಸ. ಅದಕ್ಕೆ ನೀರು ಸಾಕು."

ಅಣ್ಣ ನೀರು ಕುಡಿಯುತ್ತಿದ್ದವನು ನಗು ತಡೆಯಲಾರದೆ ಕೆಮ್ಮಿದ. ಹೆಂಡತಿಯ ಪಾರ್ಟಿ! ಹೀರೋ ತಟ್ಟೆ ಸರಿಸಿ ಎದ್ದ.

ಅಷ್ಟರಲ್ಲಿ ಬಸ್ ಕಂಪನಿ ಹೊಸ ಬಸ್ಸುಗಳಿಗೆ ಬೋರ್ಡು ಕೇಳಿತು. ದೊಡ್ಡಪ್ಪ ತೀರ್ಪು ಕೊಟ್ಟ: "ಇಬ್ಬರದೂ ಕಂಪನಿ ಮ್ಯಾನೇಜರ್ ಮುಂದೆ ಓಡ್ಲಿ. ಯಾವುದು ಚೆನ್ನಾಗಿದ್ಯೋ ಅದೇ ಎಲ್ಲಾ ಬಸ್ಸಿಗೂ, ಹಳೇದಕ್ಕೂ ಸೇರಿಸಿ."

ಹಳೆಯದಕ್ಕೂ! ಅಂದರೆ ಹೀರೋ ಸೋತರೆ "ದಾರಿ ಬಿಡಿ, ನಾನು ಬಂದೆ" ಊರಿಂದಲೇ ಔಟ್. ಆ ಡೈಲಾಗನ್ನು ಕಂಡಕ್ಟರುಗಳು ಬಾಯಿಪಾಠ ಹೇಳುತ್ತಿದ್ದರು. ಅವನನ್ನು ಊರು ಗುರುತಿಸುತ್ತಿದ್ದುದೇ ಅದರಿಂದ.

ಮ್ಯಾನೇಜರ್ ಬರುವ ದಿನ ಬೆಳಿಗ್ಗೆ ಹೀರೋ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದ. ಅತ್ತಿಗೆಯ ಬೋರ್ಡಿನ ಮೆಮೊರಿ ಕಾರ್ಡು ತೆಗೆದು, ಅದರಲ್ಲಿದ್ದ ನಿಲ್ದಾಣಗಳ ಪಟ್ಟಿಯ ನಡುವೆ ಒಂದು ಹೊಸ ಹೆಸರು ತುರುಕಿದ: 'ಹಳೇ ನೀರಿನ ಟ್ಯಾಂಕ್ ಹಿಂದಿನ ಹೊಸ ನೀರಿನ ಟ್ಯಾಂಕ್ ಎದುರಿನ ಬೇಕರಿ ಪಕ್ಕದ ತಿರುವು'. ತನ್ನ ಪ್ರೋಗ್ರಾಮಿನ ತೂತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳದರಲ್ಲೂ ಎಲ್ಲೋ ಒಂದು ತೂತು ಇದ್ದೇ ಇರುತ್ತದೆ, ಎಷ್ಟು ಜಂಬ ಕೊಚ್ಚಿಕೊಂಡರೂ ಮನುಷ್ಯಳೇ ತಾನೇ, ಎಂದು ಲೆಕ್ಕ ಹಾಕಿದ.

ಆಮೇಲೆ ತನ್ನ ಬೋರ್ಡನ್ನು ಆನ್ ಮಾಡಿದ. ಬೆಳಕು ಸರಿಯಿದೆಯೇ ನೋಡಲು ಏನಾದರೂ ಟೈಪ್ ಮಾಡಬೇಕು. ದಿನಾ ಡೈಲಾಗು ಹೊಡೆಯುತ್ತಿದ್ದವನಿಗೆ ಅವತ್ತು ಡೈಲಾಗೇ ಬರಲಿಲ್ಲ. ಮನಸ್ಸಿನಲ್ಲಿದ್ದದ್ದು ಬಂತು. ಕೆಂಪು ಅಕ್ಷರಗಳಲ್ಲಿ ಅದು ಓಡುವುದನ್ನು ನೋಡಿ, ಥೂ ಎಂದುಕೊಂಡು ಪರದೆಯಿಂದ ಅಳಿಸಿದ. ಪರದೆಯಿಂದ ಅಳಿಸಿದ್ದು ಮೆಮೊರಿಯಿಂದ ಅಳಿಸಿದಂತಲ್ಲ ಎಂದು ಹೊಳೆಯಲಿಲ್ಲ.

ಮ್ಯಾನೇಜರ್ ಬಂದ. ಎರಡು ಬೋರ್ಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ದೊಡ್ಡಪ್ಪ ಕನ್ನಡಕ ಒರೆಸುತ್ತಾ, "ಬೇರೆ ಬೇರೆ ಕಾರ್ಡು ಬೇಡ. ಸೊಸೆ ಕಾರ್ಡನ್ನೇ ಕಾಪಿ ಮಾಡಿ ಇಬ್ಬರಿಗೂ ಹಾಕು ಮಾಮ, ನ್ಯಾಯ ಇರಲಿ" ಎಂದ.

"ದೊಡ್ಡಪ್ಪಾ, ನಂದೇ ಕಾರ್ಡು..."

"ಯಾಕೋ, ಹೀರೋಗೆ ಡೂಪ್ ಬೇಕಾ?" ಎಂದ ವೈರಿಂಗ್ ಮಾಮ. ಕಾರ್ಡು ಒಳಗೆ ಹೋಯಿತು.

ಒಂದೊಂದೇ ನಿಲ್ದಾಣ ಬಂತು, ಹೋಯಿತು. ಆಮೇಲೆ ಆ ಹೆಸರು ಬಂತು. ಅತ್ತಿಗೆಯ ಬೋರ್ಡು ತಕ್ಷಣ 'ಹಳೇ ನೀರಿನ ಟ್ಯಾಂಕ್ ಹಿಂದಿನ...' ಎಂದು ಪದ ಮುಗಿಯುವಲ್ಲಿ ಅಚ್ಚುಕಟ್ಟಾಗಿ ನಿಂತಿತು. ಮೂಲೆಯಲ್ಲಿ ಒಂದು ಪುಟ್ಟ ದೀಪ ಹತ್ತಿತು.

"ಅದೇನಮ್ಮಾ ದೀಪ?" ಎಂದ ಮ್ಯಾನೇಜರ್.

"ಹೆಸರು ಉದ್ದ ಆಯ್ತು, ಚಿಕ್ಕದು ಮಾಡ್ಕೊಡಿ ಅಂತ ಸರ್."

ಹೀರೋನ ಬೋರ್ಡು ಉಸಿರೆಳೆದುಕೊಂಡಿತು. ಶುರು ಮಾಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೋಗದಿದ್ದರೆ ಅವನೇ ಗೆಲ್ಲುತ್ತಿದ್ದ, ಅವನ ಡೈಲಾಗಿಗೆ ಇರುವ ಗತ್ತು ನೋಡಿ ಬಸ್ ಕಂಪನಿಯವರೇ ಅದನ್ನು ಉಳಿಸಿಕೊಂಡರು. ಹೀರೋ ಇವತ್ತಿಗೂ ಹೀಗೆಯೇ ಹೇಳುವುದು.

ನಾನೂ ಇಷ್ಟು ಹೊತ್ತು ಅವನ ಪರವಾಗಿ ತುತ್ತೂರಿ ಊದಿದೆ. ಸಾಕು, ಬಾಯಿ ನೋಯುತ್ತಿದೆ. ಕರೆಂಟ್ ಹೋಗಿರಲಿಲ್ಲ.

ಅವನ ಬೋರ್ಡು 'ಹಳೇ ನೀರಿನ ಟ್ಯಾಂಕ್ ಹಿಂದಿನ ಹೊಸ ನೀ' ಎನ್ನುವ ತನಕ ಓದಿ, ಸೊನ್ನೆ ಸಿಗದೆ ಪಕ್ಕದ ಖಾನೆಗೆ ನುಗ್ಗಿತು. ಅಲ್ಲಿ ಬೆಳಿಗ್ಗೆ ಟೈಪ್ ಮಾಡಿದ್ದು ಇತ್ತು. 'ಅತ್ತಿಗೆ ಬರೋಕ್ಕೆ ಮುಂಚೆ ಎಲ್ರೂ ನನ್ನನ್ನೇ ಕರೀತಿದ್ರು' ಎಂದು ಕೆಂಪಗೆ, ನಿಧಾನವಾಗಿ, ಓಡತೊಡಗಿತು. ದೊಡ್ಡಪ್ಪನ ಕನ್ನಡಕ ಇನ್ನೂ ಕರ್ಚೀಫಿನಲ್ಲಿತ್ತು. ಮ್ಯಾನೇಜರ್, ಮಾಮ ಇಬ್ಬರೂ ಆ ಪುಟ್ಟ ದೀಪದ ಕಡೆ ಮುಖ ಮಾಡಿದ್ದರು. ಹೀರೋನ ಬೋರ್ಡನ್ನು ನೋಡುತ್ತಿದ್ದವಳು ಅತ್ತಿಗೆ ಒಬ್ಬಳೇ. ಅವಳು ಮೇಜಿನ ಕೆಳಗೆ ಕಾಲು ಚಾಚಿ, ವೈರನ್ನು ಚಪ್ಪಲಿಯಲ್ಲಿ ಸಿಕ್ಕಿಸಿ ಎಳೆದಳು. ಬೋರ್ಡು ಕತ್ತಲಾಯಿತು.

"ಪ್ಲಗ್ ಲೂಸಿದೆ ದೊಡ್ಡ ಮಾವ" ಎಂದಳು.

ಎಲ್ಲ ಬಸ್ಸಿಗೂ ಅವಳದೇ ಹೋಯಿತು. ಸಂಜೆ ಹೀರೋ ಅವಳ ಕುರ್ಚಿಯ ಹತ್ತಿರ ಹೋಗಿ ನಿಂತ. ಮುಖ ಎತ್ತಲಿಲ್ಲ.

"ಓದಿದ್ರಾ ಅತ್ತಿಗೆ?"

"ಉದ್ದ ಗೊತ್ತಿಲ್ದೇ ಇರೋದನ್ನ ನಾನು ಓದಲ್ಲಪ್ಪಾ" ಎಂದು ಅವಳು ಕೀಬೋರ್ಡು ಕುಟ್ಟುತ್ತಲೇ ಇದ್ದಳು. ಅವಳ ಮುಂದಿನ ಪರದೆಯಲ್ಲಿ ಅವನ ಡೈಲಾಗು ಇತ್ತು, ಪಕ್ಕದಲ್ಲೇ ಅದರ ಉದ್ದವೂ. "ಇದು ಇಲ್ದೇ ಇದ್ರೆ ಕಂಡಕ್ಟರುಗಳು ಗಲಾಟೆ ಮಾಡ್ತಾರೆ. ಇರಲಿ ಬಿಡು."

ಕೇಳದೆ ಕೊಟ್ಟದ್ದು. ಅವನು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಹೊಟ್ಟೆಯ ಉರಿ ಆರಿದೆಯೇ ಎಂದರೆ ಅದೂ ಇಲ್ಲ. ಯಾಕೆಂದರೆ ಅವನ ಪ್ರೋಗ್ರಾಮಿನಲ್ಲಿ "ದಾರಿ ಬಿಡಿ, ನಾನು ಬಂದೆ" ಬರುವುದು ಒಂದು ಉಸಿರು ತಡವಾಗುತ್ತಿತ್ತು. ಈಗ ಅವಳದರಲ್ಲಿ ಕೀ ತಿರುಗಿಸಿದ ಕೂಡಲೇ ಬರುತ್ತದೆ.