ಪಟ್ಟಿಯಲ್ಲಿಲ್ಲದ ಮನೆ

ಜಾವಳಿ ಕಡೆಯ ನಮ್ಮ ವಾರ್ಡಿಗೆ ನಾನು ಗುರಿಕಾರ್ತಿ. ಅಂದರೆ ಹದಿನಾರು ಮನೆಗಳಿಗೂ ಚರ್ಚಿಗೂ ನಡುವೆ ಓಡಾಡಿ ಚಪ್ಪಲಿ ಸವೆಸುವವಳು. ಹನ್ನೊಂದು ವರ್ಷವಾಯಿತು. ಅದರಲ್ಲಿ ಈ ಕೊರೋನಾ ವರ್ಷವೊಂದೇ ಉಳಿದ ಹತ್ತಕ್ಕೆ ಸಮ. ಮಾರ್ಚಿನಿಂದ ಅಕ್ಕಿ ಕಿಟ್ಟು ಹಂಚಿದೆ, ಮಾಸ್ಕ್ ಹೊಲಿದೆ, ಬಾಗಿಲು ಹಾಕಿಕೊಂಡು ಮಲಗಿದವರ ಹೊಸ್ತಿಲಿಗೆ ಗಂಜಿ ಇಟ್ಟೆ. ಸೆಪ್ಟೆಂಬರಿನಲ್ಲಿ ನನ್ನ ಗಂಡ ಬೊನಿಫಾಸರೇ ಹೋದರು. ಚರ್ಚಿನ ಹುಡುಗರು ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟು ಹೂಳಿದರು. ನಾನು ಗೇಟಿನಾಚೆ ಜೀಪಿನಲ್ಲಿ ಕೂತು ನೋಡಿದೆ. ತಿಂಗಳು ಕಳೆಯುವ ಮೊದಲೇ ಮತ್ತೆ ಕಿಟ್ಟು ಹಂಚಲು ಹೊರಟೆ. ಒಮ್ಮೆ ಕೂತರೆ ಏಳಲಾರೆನೆಂದು ಭಯ.

ಸಾವಾದ ಮನೆಯಲ್ಲಿ ಆ ವರ್ಷ ಕ್ರಿಸ್ಮಸ್‌ಗೆ ಎಣ್ಣೆ ಬಾಣಲೆ ಇಡುವುದಿಲ್ಲ. ಕುಸ್ವಾರ್, ಅಂದರೆ ನೆವ್ರಿ, ಕಿಡ್ಯೊ, ಚಕ್ಕುಲಿ ತುಂಬಿದ ಹಬ್ಬದ ತಟ್ಟೆಯನ್ನು ವಾರ್ಡಿನವರೇ ಕಳಿಸಬೇಕು. ಅಂಥ ಮನೆಯಿಂದ ತಟ್ಟೆ ಹೊರಗೆ ಹೋಗುವಂತಿಲ್ಲ. ಹಿಂದೊಂದು ವರ್ಷ ಒಂದು ಮನೆಗೆ ಹತ್ತು ತಟ್ಟೆ ಹೋಗಿ, ಇನ್ನೊಂದು ಮನೆಗೆ ಒಂದೂ ಹೋಗಿರಲಿಲ್ಲ. ಅಂದಿನಿಂದ ಯಾರು ಯಾರಿಗೆ ಎಂದು ನಾನೇ ಪಟ್ಟಿ ಬರೆಯುತ್ತೇನೆ. ತಪ್ಪಿದವರಿಗೆ ಚರ್ಚಿನ ಮೆಟ್ಟಿಲ ಮೇಲೇ ಮಂಗಳಾರತಿ.

ಈ ಸಲ ಕಾಯಿಲೆ ಹರಡದಿರಲೆಂದು ಇನ್ನೂ ಬಿಗಿ ಮಾಡಿದೆ. ಪಟ್ಟಿಯಲ್ಲಿರುವ ಮನೆ ಬಿಟ್ಟು ಬೇರೆಲ್ಲಿಗೂ ಯಾರೂ ಹೋಗಕೂಡದೆಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಕಾಫಿ ಹಣ್ಣು ಕುಯ್ಯುವ ಕಾಲ, ಎಲ್ಲರ ಸೊಂಟವೂ ಬಿದ್ದುಹೋಗಿದೆ. ಆದರೂ ಹದಿಮೂರು ಮನೆಯವರೂ ಹೂಂ ಎಂದರು.

ಸಾವಿನ ಮನೆಗಳು ಮೂರು. ಎಸ್ಟೇಟ್ ಕೂಲಿ ಲೈನಿನ ಲೂಸಿಯ ಗಂಡ ಜುಲೈಯಲ್ಲಿ ತೀರಿಕೊಂಡಿದ್ದ, ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಸೇತುವೆ ಹತ್ತಿರದ ಪಾವ್ಲು ಮೇಸ್ತ್ರಿಯ ಹೆಂಡತಿ ಹೋಗಿದ್ದರು. ಇಬ್ಬರ ಹೆಸರು ಬರೆದೆ. ಮೂರನೆಯದಕ್ಕೆ ಕೈ ಏಳಲಿಲ್ಲ. ನನಗೆ ತಟ್ಟೆ ಕಳಿಸಿ ಎಂದು ನಾನೇ ಹೇಗೆ ಬರೆಯಲಿ? ಯಾರಿಗಾದರೂ ತಾನಾಗಿ ನೆನಪಾದೀತು ಎಂದುಕೊಂಡೆ. ಅದು ಸೊಕ್ಕು, ಈಗ ಒಪ್ಪಿಕೊಳ್ಳುತ್ತೇನೆ.

ನನಗೆ ಬೇಕಿರಲಿಲ್ಲ. ನಮ್ಮ ಅತ್ತೆಗೆ ಬೇಕಿತ್ತು. ಎಂಬತ್ತಾರು ವರ್ಷ, ಮಗನ ಮುಖ ಕೊನೆಗೂ ನೋಡದವರು.

"ಯಾರೂ ಬರಲ್ಲ ನೋಡು. ಕೊರೋನಾ ಮನೆ ಅಂತ ಹೆದರ್ತಾರೆ. ಬೊನಿಫಾಸ ಎಷ್ಟು ಮನೆ ಹೆಣಕ್ಕೆ ಹೆಗಲು ಕೊಟ್ಟಿದ್ದ! ಅವರೂ ಬರಲ್ಲ," ಎಂದು ದಿನಾ ಅದೇ ಮಾತು.

"ಹಬ್ಬಕ್ಕೆ ಬಂದೇ ಬರ್ತಾರಮ್ಮ," ಎಂದು ಮಾತು ಕೊಟ್ಟುಬಿಟ್ಟಿದ್ದೆ.

ಕ್ರಿಸ್ಮಸ್ ಬೆಳಿಗ್ಗೆ ಚೀಟಿ ಇದ್ದವರಿಗಷ್ಟೇ ಪೂಜೆ. ಚರ್ಚಿನ ಬಾಗಿಲಲ್ಲಿ ನಿಂತು ಹಣೆಗೆ ಜ್ವರದ ಗನ್ ಹಿಡಿಯುವ ಕೆಲಸವೂ ನನ್ನದೇ. ಮಧ್ಯಾಹ್ನ ಮನೆಗೆ ಬಂದರೆ ಅತ್ತೆ ಬಾಗಿಲಿಗೇ ಕುರ್ಚಿ ಎಳೆದುಕೊಂಡು ಕೂತಿದ್ದರು.

"ದಾರೀಲಿ ಯಾರಾದ್ರೂ ಬರ್ತಿದ್ರಾ?" ಎಂದು ಕೇಳಿದರು.

"ಇನ್ನೂ ಇಲ್ಲಮ್ಮ."

ಮೂರು ಗಂಟೆಗೆ ಮತ್ತೆ ಕೇಳಿದರು. ನಾಲ್ಕಕ್ಕೆ ಕೇಳಲಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ನನ್ನತ್ತ ನೋಡದೆ ಹೇಳಿ, ಒಳಗೆ ಹೋಗಿ ಮಲಗಿದರು. ನನಗೆ ಹದಿಮೂರು ಮನೆಗಳ ಮೇಲೂ ಸಿಟ್ಟು ಬಂತು. ಬೈಯೋಣವೆಂದರೆ, ಪಾಪ, ಎಲ್ಲರೂ ನನ್ನ ಮಾತನ್ನೇ ಪಾಲಿಸಿದ್ದರು.

ಐದರ ಹೊತ್ತಿಗೆ ಗೇಟು ಸದ್ದಾಯಿತು. ಲೂಸಿ. ಕೈಯಲ್ಲಿ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆ.

"ಎಂತದೇ ಇದು? ಈ ವರ್ಷ ನಿನ್ನ ಮನೆಯಿಂದ ತಟ್ಟೆ ಹೊರಗೆ ಬರಬಾರ್ದು, ಗೊತ್ತಿಲ್ವಾ?" ಗುರಿಕಾರ್ತಿಯ ಗಂಟಲು ತಾನಾಗಿ ಎದ್ದಿತು.

"ಗೊತ್ತು ಬಾಯಮ್ಮ. ನಮ್ಮನೆಗೆ ಏಳು ತಟ್ಟೆ ಬಂತು. ಮಕ್ಕಳು ತಿಂತಿದ್ವು. ನಾನು ಮೊಬೈಲಲ್ಲಿ ನಿಮ್ಮ ಲಿಸ್ಟ್ ನೋಡ್ತಾ ಕೂತಿದ್ದೆ. ಈ ವರ್ಷ ಮೂರು ಮನೆ ಅಲ್ವಾ ಅಂತ ತಲೆಗೆ ಬಂತು. ಬೈದ್ರೆ ಬೈರಿ. ಬರೆಯೋರು ನೀವೇ. ನಿಮ್ಮ ಹೆಸರು ನೀವು ಹ್ಯಾಂಗೆ ಬರೀತೀರಿ?"

ಮೆಟ್ಟಿಲ ಮೇಲೆ ಕುಸಿದು ಕೂತೆ. ಬೊನಿಫಾಸರನ್ನು ಹೂಳಿದ ದಿನ ಬಾರದ ಅಳು ಈಗ ಬಂದು ಮಾಸ್ಕ್ ಒದ್ದೆಯಾಯಿತು. ಲೂಸಿ ತಟ್ಟೆಯನ್ನು ನನ್ನ ಪಕ್ಕ ಇಟ್ಟು, ನಾನೇ ಕಲಿಸಿದ ಹಾಗೆ ಆರಡಿ ಹಿಂದೆ ಸರಿದು ನಿಂತಳು. ಅವಳೂ ಅಳುತ್ತಿದ್ದಳು.

ಒಳಗಿನಿಂದ ಅತ್ತೆಯ ದನಿ ಕೇಳಿತು.

"ಯಾರೇ ಅದು? ಬಂದ್ರಾ?"

"ಬಂದ್ರಮ್ಮ," ಎಂದೆ. "ಬಂದ್ರು."