ಒಳ್ಳೆಯ ಚಾಡಿ

ಊಟದ ಬಿಡುವು ಮುಗಿಯುವ ಹೊತ್ತಿಗೆ ಮೂರನೇ ತರಗತಿಯ ಟೀಚರ್ ಮೇಜಿನ ಸುತ್ತ ಚಾಡಿಯ ಸಂತೆ ನೆರೆಯುತ್ತಿತ್ತು. ಎಲ್ಲವೂ ಒಬ್ಬಳ ಮೇಲೆಯೇ. ಬೆಂಚು ಬಡಿದದ್ದು, ಜಡೆ ಎಳೆದದ್ದು, ಪಾಠದ ನಡುವೆ ಕಿರುಚಿದ್ದು, ಎಲ್ಲ ಪಟಾಕಿಯದೇ ಕೆಲಸ. ಆ ಹೆಸರಿಟ್ಟವರು ಮಕ್ಕಳು. ಬರಬರುತ್ತಾ ಟೀಚರೂ ಹಾಗೇ ಕರೆಯತೊಡಗಿದ್ದರು.

ತಿಂಗಳ ಮೊದಲಲ್ಲಿ ಅವಳು ಕೈ ಬೀಸಿ, ಪಕ್ಕದಲ್ಲಿ ಕೂರುವ ಹುಡುಗಿಯ ಕನ್ನಡಕ ಮುರಿದಳು. ಆ ಹುಡುಗಿಯ ತಾಯಿ ಬಂದು ಗಲಾಟೆ ಮಾಡಿದ ಮೇಲೆ ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿಬಿಟ್ಟರು: ತಿಂಗಳ ಕೊನೆಯೊಳಗೆ ತಿದ್ದಿಕೊಳ್ಳದಿದ್ದರೆ ಪಟಾಕಿ ಈ ಶಾಲೆಯಲ್ಲಿ ಇರುವುದಿಲ್ಲ. ಅದಾಗಲೇ ಬೇರೆ ಶಾಲೆಯವರು ಬೇಡವೆಂದು ಕಳಿಸಿದ ಮಗು. ಟೀಚರಿಗೆ ಸಂಕಟವಾಯಿತು. ಬೈದು ಬೈದು, ಹೊರಗೆ ನಿಲ್ಲಿಸಿ ಅವರಿಗೂ ಸಾಕಾಗಿತ್ತು.

ಮರುದಿನ ಅವರು ಹೊಸ ಕಟ್ಟಳೆ ತಂದರು. ಯಾರಿಗಾದರೂ ಪೆಟ್ಟಾದರೆ ತಕ್ಷಣ ಹೇಳಬೇಕು. ಉಳಿದ ಚಾಡಿಯೆಲ್ಲ ಸಂಜೆಯ ಗಂಟೆಗೆ ಮುಂಚೆ, ಅದೂ ಒಳ್ಳೆಯದಾದರೆ ಮಾತ್ರ. ಬೇರೆಯವರು ಮಾಡಿದ್ದನ್ನು ಕಣ್ಣಾರೆ ಕಂಡಿರಬೇಕು. ತನ್ನದನ್ನು ತಾನೇ ಹೇಳಿಕೊಳ್ಳುವಂತಿಲ್ಲ. ಮಕ್ಕಳು ಮೊದಲು ಕಿಸಕ್ಕೆಂದರು. ಆಮೇಲೆ ರುಚಿ ಹತ್ತಿತು. ಒಬ್ಬ ರಬ್ಬರ್ ಕೊಟ್ಟ, ಇನ್ನೊಬ್ಬಳು ಬಿದ್ದವನನ್ನು ಎಬ್ಬಿಸಿದಳು, ಎಲ್ಲಕ್ಕೂ ಚಪ್ಪಾಳೆ. ತರಗತಿಯ ಗದ್ದಲ ಅರ್ಧಕ್ಕರ್ಧ ಇಳಿಯಿತು.

ಪಟಾಕಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಆದರೂ ಅವಳು ಆ ಹೊತ್ತಿಗೆ ಕೈಕಟ್ಟಿ ನೆಟ್ಟಗೆ ಕೂತು, ಯಾರು ಎದ್ದರೂ ಅವರ ಬಾಯನ್ನೇ ನೋಡುತ್ತಿದ್ದಳು. ಗಂಟೆ ಹೊಡೆದ ಮೇಲೆ ಸುಮ್ಮನೆ ಚೀಲ ಎತ್ತಿಕೊಂಡು ಹೋಗುತ್ತಿದ್ದಳು.

ತಿಂಗಳು ಮುಗಿಯುವ ದಿನ ಅವಳೇ ಎದ್ದು ನಿಂತಳು.

"ಮಿಸ್, ನಾನು ಇವತ್ತು ಯಾರಿಗೂ ಹೊಡೀಲಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ತನ್ನದನ್ನು ತಾನೇ ಹೇಳುವಂತಿಲ್ಲ ಎಂದು ಹಿಂದಿನ ಬೆಂಚಿನವರು ನೆನಪಿಸಿದರು. ಟೀಚರ್ ಕೂಡ ಅಭ್ಯಾಸಬಲದಿಂದ ಕೂತುಕೋ ಅಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ದಿನವಿಡೀ ಎದುರಿಗಿದ್ದ ತಮಗೂ ಅದು ಕಂಡಿರಲಿಲ್ಲ.

ಆಗ ಕನ್ನಡಕದ ಹುಡುಗಿ ಮೆಲ್ಲಗೆ ಎದ್ದಳು. "ಹೌದು ಮಿಸ್, ಹೊಡೀಲಿಲ್ಲ. ನಾನು ನೋಡಿದೀನಿ."

ಪಟಾಕಿ ನಂಬಲಿಲ್ಲ. "ನಿಜವಾಗ್ಲೂ ನೋಡಿದ್ಯಾ?"

"ಬೆಳಗ್ಗೆಯಿಂದ ನಿನ್ನ ಕೈನೇ ನೋಡ್ತಿದ್ದೆ. ಯಾವಾಗ ಹೊಡೀತೀಯೋ ಅಂತ ದಿನಾ ನೋಡ್ತಾನೇ ಇರ್ತೀನಿ. ಇವತ್ತು ಹೊಡೀಲಿಲ್ಲ."

ಚಪ್ಪಾಳೆ ತಟ್ಟಲು ಯಾರಿಗೂ ಕೈ ಬರಲಿಲ್ಲ. ಪಟಾಕಿ ಕೂತು ತನ್ನ ಕೈಗಳನ್ನು ನೋಡಿಕೊಂಡಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಶಾಲೆ ಬಿಟ್ಟ ಮೇಲೆ ಟೀಚರ್ ಇಬ್ಬರನ್ನೂ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕರೆದೊಯ್ದರು. ಪಟಾಕಿಯನ್ನು ತಮ್ಮ ತರಗತಿಯಿಂದ ಕಳಿಸುವುದಿಲ್ಲ, ಏನಾದರೂ ತಮ್ಮದೇ ಹೊಣೆ ಎಂದರು. ಕನ್ನಡಕದ ಹುಡುಗಿ ತಾನು ಕಂಡದ್ದನ್ನು ಅಲ್ಲಿಯೂ ಹೇಳಿದಳು.

"ಇರಲಿ. ಆದ್ರೆ ಇವಳ ಪಕ್ಕ ಯಾರು ಕೂರ್ತಾರೆ?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು.

"ನಾನೇ," ಎಂದಳು ಕನ್ನಡಕದ ಹುಡುಗಿ. ಅವಳ ಕಣ್ಣು ಇನ್ನೂ ಪಟಾಕಿಯ ಕೈ ಮೇಲೇ ಇತ್ತು.